ಕೂಸು ಹುಟ್ಟೋ ಮುಂಚೆ ಕುಲಾವಿ

ಆತುರಗಾರರನ್ನ ಆಡಿಕೊಳ್ಳೋಕೆ ನಮ್ಮಲ್ಲೊಂದು ಗಾದೆ ಇದೆ: ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ್ರಂತೆ. ಅದನ್ನೇ ಒಂದು ಶಿಸ್ತು ಅಂತ ಸಾಫ್ಟ್‌ವೇರ್‌ನವರಿಗೆ ಹೇಳಿಕೊಟ್ಟವರು ಕೆಂಟ್ ಬೆಕ್. ಮೊದಲು ಟೆಸ್ಟ್ ಬರಿ. ಅದು ಫೇಲ್ ಆಗೋದನ್ನ ಕಣ್ಣಾರೆ ನೋಡು. ಪಾಸಾಗೋಕೆ ಎಷ್ಟು ಬೇಕೋ ಅಷ್ಟೇ ಕೋಡ್ ಬರಿ. ಆಮೇಲೆ ಒಪ್ಪ ಮಾಡು. ಕೆಂಪು, ಹಸಿರು, ರಿಫ್ಯಾಕ್ಟರ್.

ಕುಲಾವಿ ಹೊಲಿಯೋಕೆ ನಾನೇನೋ ರೆಡಿ. ತಕರಾರು ಎಡಿಟರ್‌ದು.

ಲೈಬ್ರರಿಯ ಒಂದು ಆ್ಯಪ್ ಅಂದ್ಕೊಳ್ಳಿ. ಪುಸ್ತಕ ಏಳು ದಿನ ತಡವಾದ್ರೆ 7 ರೂಪಾಯಿ ದಂಡ, ಇದು ಟೆಸ್ಟ್. 'ಫೈನ್' ಅನ್ನೋ ಮೆಥಡ್ ಇನ್ನೂ ಹುಟ್ಟಿಲ್ಲ. ಆ ಹೆಸರು ಟೈಪ್ ಮಾಡಿ ಬ್ರಾಕೆಟ್ ಒತ್ತುತ್ತಿದ್ದ ಹಾಗೇ ಆಟೋಕಂಪ್ಲೀಟ್ ಅದನ್ನ ಮೊದಲಿಂದ ಇರೋ 'ಫೈನ್‌ಹಿಸ್ಟರಿ' ಮಾಡಿಬಿಡುತ್ತೆ. ಅಳಿಸಿ ಮತ್ತೆ ಬರೆದ್ರೆ ಕೆಳಗೆ ಕೆಂಪು ಗೆರೆ. ಇರೋದನ್ನ ಹುಡುಕಿಕೊಡೋಕೆ ಅಂತಲೇ ಹುಟ್ಟಿದ ಸೌಲಭ್ಯ ಅದು; ಇನ್ನು ಮುಂದೆ ಬರಬೇಕಾದ್ದು ಅದರ ಕಣ್ಣಿಗೆ ಬರೀ ತಪ್ಪು.

ಇದನ್ನ ಯಾರೂ ಗಮನಿಸಿಲ್ಲ ಅಂತಲ್ಲ. ವಿಷುವಲ್ ಸ್ಟುಡಿಯೋ 2010ರಲ್ಲಿ ಕಂಟ್ರೋಲ್, ಆಲ್ಟ್, ಸ್ಪೇಸ್ ಒಟ್ಟಿಗೆ ಒತ್ತಿದ್ರೆ ಪಟ್ಟಿ ತೋರಿಸುತ್ತೆ, ಆದ್ರೆ ನಾವು ಬರೆದ ಹೆಸರಿನ ತಂಟೆಗೆ ಬರಲ್ಲ. ಅದೇ ಆವೃತ್ತಿಯಲ್ಲಿ, ಇಲ್ಲದ ಮೆಥಡ್ ಮೇಲೆ ಕಂಟ್ರೋಲ್ ಮತ್ತು ಡಾಟ್ ಒತ್ತಿದ್ರೆ ಖಾಲಿ ಮೆಥಡ್ ಸೃಷ್ಟಿಯಾಗುತ್ತೆ. ಅದನ್ನ ಕರೆದ್ರೆ 'ಇನ್ನೂ ಬರೆದಿಲ್ಲ' ಅನ್ನೋ ಎಕ್ಸೆಪ್ಶನ್ ಎಸೆಯುತ್ತೆ. ಟೆಸ್ಟ್ ನಿಯತ್ತಾಗಿ ಕೆಂಪಾಗುತ್ತೆ.

ಇದೇನು ಸಣ್ಣ ವಿಷಯ ಅನ್ನಬೇಡಿ. ಎಕ್ಲಿಪ್ಸ್‌ನಲ್ಲಿ ಕಂಟ್ರೋಲ್ ಮತ್ತು 1 ಒತ್ತಿ ಇದೇ ಕೆಲಸ ಮಾಡಿಸಿದ್ರೆ, ಅಂಕಿ ಕೊಡಬೇಕಾದ ಮೆಥಡ್ ಒಳಗೆ ಅದು ತಾನಾಗೇ 'ರಿಟರ್ನ್ 0' ಬರೆದುಕೊಡುತ್ತೆ. 'ತಡವಾಗದಿದ್ರೆ ದಂಡ 0' ಅನ್ನೋದು ನಿಮ್ಮ ಮೊದಲ ಟೆಸ್ಟ್ ಆಗಿದ್ರೆ, ಒಂದು ಸಾಲೂ ಯೋಚಿಸದೆ ಹಸಿರು! ಕೆಂಪನ್ನ ನೋಡದೆ ಸಿಕ್ಕ ಹಸಿರಿಗೆ ಏನು ಬೆಲೆ?

ಎರಿಕ್ ಗಾಮಾ ಅನ್ನೋರು ಕೆಂಟ್ ಬೆಕ್ ಜೊತೆ 1997ರಲ್ಲಿ, ಜ್ಯೂರಿಕ್‌ನಿಂದ ಅಟ್ಲಾಂಟಾಗೆ ಹೋಗೋ ವಿಮಾನದಲ್ಲಿ ಕೂತು ಜೆಯುನಿಟ್ ಶುರು ಮಾಡಿದ್ರು. ಆಮೇಲೆ ಎಕ್ಲಿಪ್ಸ್‌ನ ಜಾವಾ ಭಾಗ, ಅದಾದ ಮೇಲೆ ವಿಎಸ್ ಕೋಡ್, ಎರಡಕ್ಕೂ ಮುಂದಾಳು ಅವರೇ. ಹಾಗಿದ್ದೂ 2015ರಲ್ಲಿ ಬಂದ ವಿಎಸ್ ಕೋಡ್‌ನಲ್ಲಿ ಟೆಸ್ಟ್‌ಗೆ ಅಂತ ಸ್ವಂತ ವ್ಯವಸ್ಥೆ ಆಗಿದ್ದು 2021ರಲ್ಲಿ. ಅಲ್ಲೀತನಕ ಎಲ್ಲ ಎಕ್ಸ್‌ಟೆನ್ಶನ್‌ಗಳ ಪಾಲು. ಟೈಪ್ ಮಾಡ್ತಾ ಇದ್ದ ಹಾಗೇ ಟೆಸ್ಟ್ ಓಡಿಸೋ ಸೌಲಭ್ಯ ವಿಷುವಲ್ ಸ್ಟುಡಿಯೋ 2017ರಲ್ಲಿ ಬಂತು, ಅದೂ ದುಬಾರಿ ಎಂಟರ್‌ಪ್ರೈಸ್ ಆವೃತ್ತಿಗೆ ಮಾತ್ರ.

ಇಂಥ ಸಣ್ಣ ಸಣ್ಣ ಕಿರಿಕಿರಿಗೇ ಹೊಸಬರು ಸೋಲೋದು. ಟೀಮಿಗೆ ಬಂದ ಹುಡುಗರು ಎರಡು ವಾರ ಟೆಸ್ಟ್ ಮೊದಲು ಬರೀತಾರೆ. ಮೂರನೇ ವಾರ ಸ್ಪ್ರಿಂಟ್ ಮುಗಿಯೋ ಹಿಂದಿನ ರಾತ್ರಿ, ಕೋಡ್ ಏನು ಹೇಳುತ್ತೋ ಅದನ್ನೇ ಟೆಸ್ಟ್ ಅಂತ ಬರೀತಾರೆ. ಕೋಡ್ 8 ರೂಪಾಯಿ ಅಂದ್ರೆ ಟೆಸ್ಟೂ 8 ಅನ್ನುತ್ತೆ. ಎಲ್ಲಾ ಹಸಿರು, ದಂಡ ಕಟ್ಟೋನಿಗೆ ಮಾತ್ರ ಒಂದು ರೂಪಾಯಿ ನಷ್ಟ.

ಈಗ ಎಐ ಬಂದಿದೆ. ಟ್ಯಾಬ್ ಒತ್ತಿದ್ರೆ ಕೋಡೂ ಅದರದೇ, ಆ ಕೋಡ್ ನೋಡಿಕೊಂಡು ಬರೆದ ಟೆಸ್ಟೂ ಅದರದೇ. ಪರೀಕ್ಷೆ ಬರೆದ ಹುಡುಗನೇ ಪ್ರಶ್ನೆಪತ್ರಿಕೆ ತಯಾರಿಸಿದ ಹಾಗೆ, ಅದೂ ಉತ್ತರ ಬರೆದಾದ ಮೇಲೆ. ಅದಕ್ಕೇ ಎಡಿಟರ್ ಕಟ್ಟೋರಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಟೆಸ್ಟ್ ಫೈಲ್‌ನಲ್ಲಿ ಗೊತ್ತಿಲ್ಲದ ಹೆಸರು ಕಂಡಾಗ ಗದರಬೇಡಿ, 'ಇದನ್ನ ಹುಟ್ಟಿಸಲಾ?' ಅಂತ ಕೇಳಿ. ಹುಟ್ಟಿಸಿದ್ದು ಮೊದಲ ಸಲ ಫೇಲ್ ಆಗಲೇಬೇಕು. ದಂಡ ಎಷ್ಟು ಅಂತ ತೀರ್ಮಾನಿಸೋ ಸಾಲನ್ನ ಮಾತ್ರ ನಮಗೇ ಬಿಡಿ. ಕುಲಾವಿಯ ಅಳತೆ ನಮ್ಮದಾಗಿರಲಿ.