ಕೊಸರಿನ ಗುಬ್ಬಿ

ಚಳಿಗಾಲ ಬಂತೆಂದರೆ ನಮ್ಮ ಮನೆಯ ಟ್ರಂಕಿನಿಂದ ಒಂದು ಹಳೆಯ ಕೌದಿ ಹೊರಗೆ ಬರುತ್ತದೆ. ಮೊನ್ನೆ ಮೊಮ್ಮಗ ಕೇಳಿದ: “ಅಜ್ಜಾ, ಇದು ಬರೇ ಚಿಂದಿ ಐತಿ. ಹೊಸಾ ಬ್ಲಾಂಕೆಟ್ ಇದ್ರೂ ಇದನ್ಯಾಕ ಹೊದ್ಕೋತಿ?” ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ, ಮಕ್ಕಳೇ.

ಇದು 1983ರ ಮಾತು. ನಾನು ಬನಹಟ್ಟಿಯಲ್ಲಿ ಬ್ಯಾಂಕಿನ ಗುಮಾಸ್ತ. ರಬಕವಿ-ಬನಹಟ್ಟಿ ಆಗ ಜಮಖಂಡಿ ತಾಲ್ಲೂಕಿನಲ್ಲಿತ್ತು; ಜಿಲ್ಲೆ ವಿಜಾಪುರ. ಓಣಿ ಓಣಿಯಲ್ಲೂ ಮಗ್ಗದ ಸದ್ದು.

ಒಂದು ಸಂತೆಯ ದಿನ, ಕೌಂಟರ್ ಮುಚ್ಚುವ ಹೊತ್ತಿಗೆ, ಒಬ್ಬ ಅಜ್ಜಿ ಬಂದು ಸೆರಗಿನ ಗಂಟು ಬಿಚ್ಚಿದಳು. ಚೌಕದ ಐದು ಪೈಸೆ, ಹೂವಿನ ದಳದಂಥ ಅಂಚಿನ ಹತ್ತು ಪೈಸೆ, ಒಂದಿಷ್ಟು ನಾಲ್ಕಾಣೆ. ನನಗೆ ಸಿಟ್ಟು ಬಂತು. “ಯವ್ವಾ, ಈ ಚಿಲ್ಲರೆ ಎಣಿಸ್ಕೋಂತ ಕುಂತ್ರ ರಾತ್ರಿ ಆಗತೈತಿ. ಅಂಗಡ್ಯಾಗ ಕೊಟ್ಟು ನೋಟು ಮಾಡ್ಸಿಕೊಂಡು ಬಾ” ಎಂದೆ. “ಆತ್ರೀ ಸಾಹೇಬ್ರ” ಎಂದು ಗಂಟು ಕಟ್ಟಿಕೊಂಡು ಹೊರಟುಹೋದಳು.

ಆ ಭಾನುವಾರ ಚರ್ಚಿನಲ್ಲಿ ಸಭಾಪಾಲಕರು ಒಂದು ಲೆಕ್ಕ ಕೇಳಿದರು. ಯೇಸುಸ್ವಾಮಿಯ ಕಾಲದಲ್ಲಿ ಬಡವರು ಗುಬ್ಬಿಗಳನ್ನು ಕೊಂಡು ತಿನ್ನುತ್ತಿದ್ದರು. ಮತ್ತಾಯನ ಸುವಾರ್ತೆಯ ಪ್ರಕಾರ ಒಂದು ಕಾಸಿಗೆ ಎರಡು ಗುಬ್ಬಿ. ಲೂಕನ ಪ್ರಕಾರ ಎರಡು ಕಾಸಿಗೆ ಐದು. “ಹಾಗಾದರೆ ಐದನೆಯದರ ಬೆಲೆ ಎಷ್ಟು?”

ಬಿ.ಕಾಂ. ಓದಿದ ನಾನು ಮನಸ್ಸಿನಲ್ಲೇ ಉತ್ತರ ಹೇಳಿದೆ: ಸೊನ್ನೆ. ಅದು ಕೊಸರು. ತರಕಾರಿ ಕೊಂಡಾಗ ಮೇಲೊಂದು ಎಸಳು ಕೊತ್ತಂಬರಿ ಹಾಕುತ್ತಾರಲ್ಲ, ಹಾಗೆ. “ಆ ಕೊಸರಿನ ಗುಬ್ಬಿಯನ್ನೂ ದೇವರು ಮರೆಯುವುದಿಲ್ಲ ಎಂದು ಯೇಸು ಹೇಳಿದ” ಎಂದರು ಸಭಾಪಾಲಕರು. ನನಗೆ ಆ ಸೆರಗಿನ ಗಂಟು ನೆನಪಾಯಿತು. ದೇವರು ಎಣಿಸುವುದನ್ನು ನಾನು ಎಣಿಸಲು ಒಲ್ಲೆ ಎಂದಿದ್ದೆ.

ಸೋಮವಾರ ಅಜ್ಜಿ ಬರಲಿಲ್ಲ, ಮಂಗಳವಾರವೂ ಇಲ್ಲ. ಸಂಜೆ ವಿಚಾರಿಸುತ್ತ ನೇಕಾರರ ಓಣಿಗೆ ಹೋದೆ. ಅಜ್ಜಿ ಕಟ್ಟೆಯ ಮೇಲೆ ಕೌದಿ ಹೊಲಿಯುತ್ತಿದ್ದಳು. ಹಳೆಯ ಸೀರೆ, ಧೋತರ, ಮಗ್ಗದ ಮನೆಗಳಲ್ಲಿ ಉಳಿದ ತುಂಡುಗಳನ್ನು ಪದರಪದರವಾಗಿ ಹಾಸಿ, ಅಂಚಿನಿಂದ ನಡುವಿಗೆ ಸಾಲುಸಾಲಾಗಿ ಹೊಲಿಗೆ. ಆ ಚಿಲ್ಲರೆ ಈ ದುಡಿಮೆಯದೇ. ಮೊಮ್ಮಗಳ ಸಾಲಿಗೆಂದು ಕೂಡಿಟ್ಟಿದ್ದು.

“ತಪ್ಪಾತು ಯವ್ವಾ, ನಾಳಿ ಬಾ, ನಾನೇ ಎಣಿಸ್ತೀನಿ” ಎಂದೆ. ಅಜ್ಜಿ ನಕ್ಕಳು. ಮಾತು ತಿಳಿಯದೆ ನಾನು ಬೆರಳಗಲದ ಒಂದು ತುಂಡು ತೋರಿಸಿ, “ಇಷ್ಟು ಸಣ್ಣದನ್ನ ಯಾಕ ಹಚ್ಚೀದಿ?” ಎಂದು ಕೇಳಿದೆ.

“ಅದನ್ನ ತಗದ್ರ ಅಲ್ಲೇ ಗಾಳಿ ಹೊಕ್ಕತೈತ್ರೀ” ಎಂದಳು.

ಮರುದಿನ ಅವಳ ಚಿಲ್ಲರೆಯನ್ನು ಎರಡು ಸಲ ಎಣಿಸಿದೆ, ಒಂದು ಪೈಸೆಯೂ ತಪ್ಪಬಾರದೆಂದು. ತಿಂಗಳ ಮೇಲೆ ಆ ಕೌದಿಯನ್ನು ನಾನೇ ಕೊಂಡೆ.

ನಮ್ಮ ನಾಡಿನ ಕೌದಿ ಈಗ ದೂರದವರ ಕಣ್ಣಿಗೂ ಬಿದ್ದಿದೆ. ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳು ಹೊಲಿದ ಕೌದಿಗಳು 2011ರಲ್ಲಿ ಅಮೆರಿಕದಲ್ಲಿ ಪ್ರದರ್ಶನಗೊಂಡವು. ಸಂತೋಷವೇ. ಆದರೆ ಯಾರೂ ನೋಡದಿದ್ದಾಗಲೂ ಅವು ಅಷ್ಟೇ ಚೆಂದವಿದ್ದವು. 2011ರ ಜೂನ್ 30ಕ್ಕೆ ಅಜ್ಜಿಯ ಐದು, ಹತ್ತು ಪೈಸೆಗಳು, ನಾಲ್ಕಾಣೆಯೂ ಚಲಾವಣೆಯಿಂದ ಹೋದವು. ಕೌದಿ ಮಾತ್ರ ಇನ್ನೂ ಬೆಚ್ಚಗಿದೆ.

ಕಥೆ ಕೇಳಿದ ಮೊಮ್ಮಗ ಕೌದಿಯೊಳಗೆ ನುಸುಳಿ, ಆ ಸಣ್ಣ ತುಂಡು ಎಲ್ಲಿದೆ ಎಂದು ಹುಡುಕತೊಡಗಿದ.

ನಿಮ್ಮ ಮನೆಯಲ್ಲೂ ಕೌದಿ ಇದ್ದರೆ, ಯಾವ ತುಂಡು ಯಾರ ಸೀರೆಯದೆಂದು ಅಜ್ಜಿಯನ್ನು ಕೇಳಿ. ಕೇಳುವವರಿಗಾಗಿ ಅವರೂ ಕಾಯುತ್ತಿರಬಹುದು.