ಚೀಲದ ಮೇಲಿನ ಮೂರನೇ ಭರವಸೆ

ಮುಂಬಯಿಯ ಗೋರೆಗಾಂವ್ ಪೂರ್ವ, ಆರೇ ಕಾಲೊನಿಯ ಎಮ್ಮೆ ತಬೇಲಾ. ಹತ್ತಿಕಾಳು ಹಿಂಡಿಯ ಮೂಟೆಗಳ ಪಕ್ಕ ಒಂದು ಪುಟ್ಟ ಚೀಲ: ‘ಬೈಪಾಸ್ ಫ್ಯಾಟ್’. ಅದರ ಮೇಲೆ ಮೂರು ಭರವಸೆ: ಹಾಲು ಹೆಚ್ಚುತ್ತದೆ, ಹಾಲಿನ ಜಿಡ್ಡು ಹೆಚ್ಚುತ್ತದೆ, ಎಮ್ಮೆ ಬೇಗ ಗಬ್ಬ ಕಟ್ಟುತ್ತದೆ. ಮೂರನೆಯದನ್ನು ತೋರಿಸಿ ಕೇಳಿದೆ. “ಗಾಭಿನ್ ಕರ್‌ಕೇ ಕ್ಯಾ ಕರೂಂ, ಸಾಹಬ್?” (ಗಬ್ಬ ಕಟ್ಟಿಸಿ ಏನು ಮಾಡಲಿ?) ಎಂದ ತಬೇಲಾದ ಭೈಯಾ, ಕೈಯಲ್ಲಿದ್ದ ಬಕೆಟ್ ಇಳಿಸದೆ.

*

ಈ ಪುಡಿ ರಾಸಾಯನಿಕವಾಗಿ ಸಾಬೂನೇ! ಪಾಮ್ ಎಣ್ಣೆ ಶುದ್ಧಿ ಮಾಡುವಾಗ ಉಳಿಯುವ ಕೊಬ್ಬಿನಾಮ್ಲಕ್ಕೆ ಕ್ಯಾಲ್ಸಿಯಂ ಕೂಡಿಸಿದ್ದು. ಬರೀ ಎಣ್ಣೆ ಸುರಿದರೆ ಆಗದು. ಮೊದಲ ಹೊಟ್ಟೆಯಲ್ಲಿ ಹುಲ್ಲು ಅರಗಿಸುವ ಬ್ಯಾಕ್ಟೀರಿಯಾಗಳಿಗೆ ಎಣ್ಣೆ ವಿಷ. ಒಣ ಮೇವಿನ ಲೆಕ್ಕದಲ್ಲಿ ಕೊಬ್ಬು ಶೇ. 6-7 ದಾಟಿದರೆ ನಾರು ಜೀರ್ಣವಾಗದೆ ಉಳಿಯುತ್ತದೆ. ಸಾಬೂನು ಅಲ್ಲಿ ಕರಗದೆ ಮುಂದೆ ಸಾಗಿ, ಹುಳಿಯಿರುವ ನಾಲ್ಕನೇ ಹೊಟ್ಟೆಯಲ್ಲಿ ಬಿಡಿಸಿಕೊಳ್ಳುತ್ತದೆ. 1980ರ ದಶಕದಲ್ಲಿ ಅಮೆರಿಕದ ಒಹಾಯೊದಲ್ಲಿ ಪಾಮ್‌ಕ್ವಿಸ್ಟ್ ಮತ್ತು ಜೆಂಕಿನ್ಸ್ ತೋರಿಸಿಕೊಟ್ಟ ಉಪಾಯ.

*

ಗಬ್ಬಕ್ಕೂ ಕೊಬ್ಬಿಗೂ ಏನು ನಂಟು? ಈದ ಮೇಲೆ ಹಾಲು ಸರ್ರನೆ ಏರುತ್ತದೆ, ಹಸಿವು ಅಷ್ಟು ಬೇಗ ಏರುವುದಿಲ್ಲ. ಮೈ ಕರಗಿಸಿಯೇ ಹಾಲು ಕೊಡಬೇಕು. ಹಾಗಿರುವಾಗ ಅಂಡಾಶಯವನ್ನು ಎಬ್ಬಿಸುವ ಹಾರ್ಮೋನಿನ ಮಿಡಿತ ಕುಗ್ಗಿ, ಬೆದೆ ಮುಂದೆ ಹೋಗುತ್ತದೆ. ಕೊಬ್ಬಿನಲ್ಲಿ ಪಿಷ್ಟದ ಎರಡು ಪಟ್ಟಿಗೂ ಹೆಚ್ಚು ಶಕ್ತಿ. ಜೊತೆಗೆ ರಕ್ತದಲ್ಲಿ ಕೊಲೆಸ್ಟರಾಲ್ ಏರುತ್ತದೆ. ಗಬ್ಬ ಕಾಯುವ ಪ್ರೊಜೆಸ್ಟರಾನ್ ತಯಾರಾಗುವುದು ಅದರಿಂದಲೇ.

ಇಷ್ಟು ಓದಿ ಸಮಾಧಾನವಾಗುವಷ್ಟರಲ್ಲಿ ಇನ್ನೊಂದು ಸಾಲು: ಒಳ್ಳೆಯ ಕರಾವಿನ ಹಸುವಿಗೆ ಹೆಚ್ಚುವರಿ ಶಕ್ತಿ ಕೊಟ್ಟರೆ ಅದು ಬಹುಮಟ್ಟಿಗೆ ಹಾಲಾಗಿಯೇ ಹೊರಬರುತ್ತದೆ. ಮೈ ಅಷ್ಟೇ ಬಡಕಲು. ಕೆಲವು ಪ್ರಯೋಗಗಳಲ್ಲಿ ಗಬ್ಬ ಹೆಚ್ಚಿದೆ, ಕೆಲವಲ್ಲಿ ಇಲ್ಲ. ನನಗಂತೂ ಅದರಲ್ಲಿ ಆಶ್ಚರ್ಯ ಕಾಣದು.

*

ಕೊಬ್ಬೆಲ್ಲ ಒಂದೇ ಅಲ್ಲ. ಹತ್ತಿಬೀಜದ ಎಣ್ಣೆಯಲ್ಲಿ ಅರ್ಧದಷ್ಟು ಲಿನೋಲಿಕ್ ಆಮ್ಲ. ದೇಹ ಅದರಿಂದ ಪ್ರೋಸ್ಟಾಗ್ಲಾಂಡಿನ್ ಮಾಡಿಕೊಳ್ಳುತ್ತದೆ. ಈದ ಹೊಸತರಲ್ಲಿ ಗರ್ಭಕೋಶ ಕುಗ್ಗಿ ಶುದ್ಧವಾಗಲು ಅದು ಬೇಕು. ಗಬ್ಬ ನಿಂತ 16-17ನೇ ದಿನದ ಹೊತ್ತಿಗೆ ಅದೇ ಹೆಚ್ಚಾದರೆ ಭ್ರೂಣ ಉಳಿಯದು. ಅಗಸೆಯ ಒಮೆಗಾ-3 ಅದನ್ನು ತಗ್ಗಿಸುತ್ತದೆ. ಅಂದರೆ ತಿಂಗಳು ನೋಡಿ ಎಣ್ಣೆ ಬದಲಿಸಬೇಕೇ? ತಬೇಲಾದಲ್ಲಿ ಎಲ್ಲ ಎಮ್ಮೆಗೂ ಒಂದೇ ಬಾನಿಯ ದಾಣಿ.

*

ಭೈಯಾನ ಮಾತು ಅರ್ಥವಾಗಲು ಕಾಗದ ತೆಗೆದು ಲೆಕ್ಕ ಹಾಕಬೇಕಾಯಿತು. ಹರಿಯಾಣದ ಮುರ್‍ರಾ, ಗುಜರಾತಿನ ಜಾಫರಾಬಾದಿ ಈದ ಕೂಡಲೇ ಇಲ್ಲಿಗೆ ಬರುತ್ತವೆ. ಎಮ್ಮೆಯ ಗರ್ಭ ಹತ್ತು ತಿಂಗಳು, ಅದು ಮುಗಿಯುವ ಮೊದಲೇ ಹಾಲು ಬತ್ತುತ್ತದೆ. ಬತ್ತಿದ ಎಮ್ಮೆಯನ್ನು ಮುಂಬಯಿಯ ಜಾಗ, ಮುಂಬಯಿಯ ಹುಲ್ಲಿನ ದರದಲ್ಲಿ ನಿಲ್ಲಿಸಿಕೊಂಡರೆ ಹಾಲಿನ ಲಾಭವೆಲ್ಲ ಅದರ ಹೊಟ್ಟೆಗೇ. ಆದ್ದರಿಂದ ಒಂದು ಕರಾವು ಮುಗಿದರೆ ಮಾರಾಟ, ಹಲವಕ್ಕೆ ಕಸಾಯಿಖಾನೆ, ಜಾಗಕ್ಕೆ ಹೊಸದು. ದೇಶದ ಒಳ್ಳೆಯ ಎಮ್ಮೆಗಳು ಹೀಗೆ ಈ ಊರಿನಲ್ಲಿ ಸೋರಿಹೋಗುತ್ತವೆ ಎಂಬ ದೂರು ಬ್ರಿಟಿಷರ ಕಾಲದಿಂದಲೂ ಇದೆ. 1949ರಲ್ಲಿ ಆರೇ ಕಟ್ಟಿದಾಗ ತಬೇಲಾಗಳು ಊರ ನಡುವಿನಿಂದ ಎದ್ದು ಬಂದವು. ಲೆಕ್ಕವೂ ಅವುಗಳ ಜೊತೆಗೇ ಬಂತು.

ಹಾಗಾದರೆ ಆ ಚೀಲದಲ್ಲಿ ಇಲ್ಲಿ ಬಿಕರಿಯಾಗುವುದು ಮೊದಲ ಎರಡು ಭರವಸೆ ಮಾತ್ರ. ಇಡ್ಲಿ-ಸಾಂಬಾರಿನ ಉಡುಪಿ ಹೋಟೆಲಿನಲ್ಲಿ ನಾವು ಹೊಗಳುವ ಗಟ್ಟಿ ಚಹಾಕ್ಕೆ ಎರಡನೆಯದು ಸಾಕು.

*

ಪಕ್ಕದ ತಬೇಲಾದವನು ಬೇರೆ. ಈದು ಮೂರು-ನಾಲ್ಕು ತಿಂಗಳಾದ ಮೇಲೆ ಗಬ್ಬದ ಇಂಜೆಕ್ಷನ್ ಕೊಡಿಸಿ, ಗಬ್ಬವಾದದ್ದನ್ನು ಗುಜರಾತಿನ ಹಳ್ಳಿಗೆ ಸಾಕಲು ಕಳಿಸುತ್ತಾನಂತೆ. ಪುಡಿ ದಿನಕ್ಕೆ 100 ಗ್ರಾಂ, ಬೆದೆಗೆ ಬಾರದವಕ್ಕೆ ಮಾತ್ರ. ತಡವಾಗಲಿಲ್ಲವೇ, ಈಯುವ ಮುಂಚಿನ ಮೈಕಟ್ಟೇ ಮುಖ್ಯವಂತಲ್ಲ ಎಂದೆ. ಆಗ ಎಮ್ಮೆ ತನ್ನದಾಗಿರಲಿಲ್ಲ, ರೋಹ್ತಕ್ ಕಡೆಯವನ ಕೊಟ್ಟಿಗೆಯಲ್ಲಿತ್ತು. ಅವನು ಏನು ತಿನ್ನಿಸಿದನೆಂದು ಕೇಳುವವರಾರು ಎಂದ.