ಗಾಳಿ-ಪೆಟ್ರೋಲಿನ ಹದ

ಅಡುಗೆಗೆ ಹದವಿರುವಂತೆ ಎಂಜಿನ್ನಿಗೂ ಒಂದು ಹದವುಂಟು. ಬೆಲ್ಲದ ಪಾಕವನ್ನು ಬೇಗ ಇಳಿಸಿದರೆ ಉಂಡೆ ಕಟ್ಟದು, ತಡವಾದರೆ ಕಲ್ಲಾಗುವುದು. ಮೋಟಾರ್ ಸೈಕಲ್ಲಿನ ಕಾರ್ಬುರೇಟರಿನ ಪಾಡೂ ಅದೇ. ಪೆಟ್ರೋಲನ್ನು ತುಂತುರು ಮಾಡಿ, ಗಾಳಿಯೊಡನೆ ಬೆರೆಸಿ ಎಂಜಿನ್ನಿಗೆ ಉಣಿಸುವುದು ಅದರ ಕೆಲಸ. ಒಂದು ಪಾಲು ಪೆಟ್ರೋಲು ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕೆಂದು ಪುಸ್ತಕಗಳು ಹೇಳುತ್ತವೆ. ಆದರೆ ಬೀದಿಯಲ್ಲಿ ನಿಂತು ಗಾಳಿಯನ್ನು ತೂಗುವವರಾರು? ಅಲ್ಲಿ ಕಿವಿಯೇ ತಕ್ಕಡಿ.

ನಮ್ಮ ಮನೆಯಲ್ಲಿ ಹಳೆಯ ಜಾವಾ ಒಂದಿದೆ. 1961ರಲ್ಲಿ ಮೈಸೂರಿನಲ್ಲಿ ಆರಂಭವಾಗಿ, 1996ರಲ್ಲಿ ಬಾಗಿಲು ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯ ಕೂಸು ಅದು. ತಂದೆಯವರಿಗೆ ಮುಂಬಯಿಗೆ ವರ್ಗವಾದಾಗ ಪಾತ್ರೆ-ಪಡಗಗಳೊಡನೆ ಅದೂ ರೈಲು ಹತ್ತಿತು. ಮೈಸೂರು ಸಮುದ್ರಮಟ್ಟಕ್ಕಿಂತ ಸುಮಾರು 760 ಮೀಟರ್ ಎತ್ತರ. ಮುಂಬಯಿಯೋ ಕಡಲ ಅಂಚು. ಎತ್ತರದಲ್ಲಿ ಗಾಳಿ ತೆಳು, ತಗ್ಗಿನಲ್ಲಿ ದಟ್ಟ. ಜೊತೆಗೆ ಇಲ್ಲಿನ ಸೆಕೆ ಬೇರೆ. ಅಲ್ಲಿ ಕೂಡಿಸಿದ ಹದ ಇಲ್ಲಿ ತುಸು ತಪ್ಪಿದರೆ ಆಶ್ಚರ್ಯವಿಲ್ಲ. ಊರು ಬಿಟ್ಟು ಬಂದ ನಮಗೆ ಇದನ್ನು ಬಿಡಿಸಿ ಹೇಳಬೇಕೆ?

ಹದ ಕೂಡಿಸುವ ಕ್ರಮ ಹೀಗೆ. ಮೊದಲು ಏರ್ ಫಿಲ್ಟರ್ ಶುಚಿಯಾಗಿರಬೇಕು. ನಾಲ್ಕಾರು ಕಿಲೋಮೀಟರ್ ಓಡಿಸಿ ಎಂಜಿನ್ ಕಾಯಿಸಬೇಕು. ಬಳಿಕ ಗಾಳಿಯ ಸ್ಕ್ರೂವನ್ನು ಕಾಲು ಕಾಲು ಸುತ್ತು ತಿರುಗಿಸಿ, ಪ್ರತಿಸಲವೂ ಎಂಜಿನ್ ಹೊಂದಿಕೊಳ್ಳುವವರೆಗೆ ಕಾಯಬೇಕು. ಒಳಕ್ಕೆ ತಿರುಗಿಸಿದರೆ ಗಾಳಿ ತಗ್ಗಿ ಪೆಟ್ರೋಲು ಹೆಚ್ಚುತ್ತದೆ. ಹೊರಕ್ಕೆ ತಿರುಗಿಸಿದರೆ ಅದಕ್ಕೆ ವಿರುದ್ಧ. ಸದ್ದು ಎಲ್ಲಿ ಚುರುಕಾಗಿ, ಸಮನಾಗಿ ಬರುವುದೋ ಅಲ್ಲಿ ನಿಲ್ಲಿಸಿ, ಐಡ್ಲಿಂಗನ್ನು ಬೇರೆ ಸ್ಕ್ರೂವಿನಿಂದ ಇಳಿಸಬೇಕು. ಇದು ನಿಧಾನದ ಓಟದ ಹದ ಮಾತ್ರ. ವೇಗದ ಓಟಕ್ಕೆ ಒಳಗಿನ ಸೂಜಿಯನ್ನೂ ಜೆಟ್ಟನ್ನೂ ನೋಡಬೇಕು.

ಕಡೆಗೆ ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಸತ್ಯ ತಿಳಿಯುತ್ತದೆ. ಕಾಫಿಪುಡಿಯ ಬಣ್ಣವಿದ್ದರೆ ಕ್ಷೇಮ. ಕಪ್ಪು ಮಸಿಯಿದ್ದರೆ ಪೆಟ್ರೋಲು ಹೆಚ್ಚು, ಹಣ ದಂಡ. ಬಿಳಿಚಿಕೊಂಡಿದ್ದರೆ ಪೆಟ್ರೋಲು ಸಾಲದು. ಇದೇ ಹೆಚ್ಚು ಅಪಾಯ. ಉಳಿತಾಯವಾಯಿತೆಂದು ಹಿಗ್ಗುತ್ತಿರುವಾಗಲೇ ಪಿಸ್ಟನ್ ಕಾದು ಹಿಡಿದುಕೊಳ್ಳಬಹುದು.

ಈ ವಿದ್ಯೆಯಲ್ಲಿ ನಮ್ಮ ತಂದೆಯವರು ನುರಿತವರು. ಆದರೆ ಎರಡು ವರ್ಷಗಳಿಂದ ಅವರ ಕಿವಿ ಮಂದವಾಗಿದೆ. ಶ್ರವಣಯಂತ್ರ ಹಾಕಿದರೆ ಬೀದಿಯ ಗದ್ದಲವೆಲ್ಲ ಒಟ್ಟಿಗೆ ನುಗ್ಗುತ್ತದಂತೆ. ಗಾಡಿಯನ್ನು ಗುಜರಿಗೆ ಕೊಡೋಣವೆಂಬ ಮಾತು ಮನೆಯಲ್ಲಿ ಎದ್ದಾಗ ಅವರು ಎದುರಾಡಲಿಲ್ಲ. ಆ ಮೌನವೇ ನಮ್ಮನ್ನು ತಡೆಯಿತು. ಈಗ ಭಾನುವಾರಗಳಂದು ಮೊಮ್ಮಗಳು ಸ್ಕ್ರೂ ಹಿಡಿಯುತ್ತಾಳೆ; ಅವರು ಟ್ಯಾಂಕಿನ ಮೇಲೆ ಅಂಗೈಯಿಟ್ಟು ನಡುಕವನ್ನು ಓದುತ್ತಾರೆ. "ತಾತ, ಈಗ ಸದ್ದು ಸಮ ಆಯಿತು" ಎಂದು ಅವಳು ಕೂಗಿ ಹೇಳಿದರೆ, "ಇನ್ನೊಂದು ಕಾಲು ಸುತ್ತು ತಿರುಗಿಸಿ ನೋಡಮ್ಮ" ಎನ್ನುತ್ತಾರೆ. ಅವಳ ಕನ್ನಡಕ್ಕೂ ಇದರಿಂದ ಲಾಭವಾಗಿದೆ.

2020ರ ಏಪ್ರಿಲಿನಲ್ಲಿ ಬಿ.ಎಸ್.-6 ನಿಯಮ ಜಾರಿಯಾದ ಮೇಲೆ ಹೊಸ ಪೆಟ್ರೋಲ್ ಗಾಡಿಗಳಲ್ಲಿ ಬಹುಪಾಲಿಗೆ ಫ್ಯುಯಲ್ ಇಂಜೆಕ್ಷನ್ ಬಂದಿದೆ. ಹದ ನೋಡುವ ಕೆಲಸ ಯಂತ್ರದ ಪಾಲಾಗಿದೆ. ಹೊಗೆ ಕಡಮೆಯಾದರೆ ಒಳ್ಳೆಯದೇ, ನಮ್ಮ ತಕರಾರಿಲ್ಲ. ಆದರೆ ನಿಮ್ಮ ಮನೆಯಲ್ಲೂ ಇಂಥ ಹಳೆಯ ಗಾಡಿ ಇದ್ದು, ಅದನ್ನು ಬಲ್ಲ ಹಿರಿಯರೂ ಇದ್ದರೆ, ಗುಜರಿಯವನಿಗೆ ಫೋನು ಮಾಡುವ ಮೊದಲು ಒಂದು ಬೆಳಗ್ಗೆ ಮಕ್ಕಳನ್ನು ಅವರ ಬಳಿ ಕೂರಿಸಿ ನೋಡಿ.